ಹೊಲಿಗೆಯಕ್ಕನ ಮೀಟರು

ಹೊಲಿಗೆಯಕ್ಕ ಹೋದ ವರ್ಷ ಮೂರು ದಿನದ ತರಬೇತಿಗೆ ಹೋಗದೇ ಇದ್ದಿದ್ದರೆ ಆ ದಿನ ಸುಖವಾಗಿ ಕಳೆಯುತ್ತಿತ್ತು. ಕಂಪ್ಯೂಟರ್ ಕಸೂತಿ ಯಂತ್ರ ಕೊಂಡವರಿಗೆಂದೇ ನಡೆಸಿದ ತರಬೇತಿ ಅದು. ಅಲ್ಲಿ ಹೇಳಿದ್ದರಲ್ಲಿ ಅವಳ ತಲೆಯಲ್ಲಿ ಉಳಿದದ್ದು ಒಂದೇ ಮಾತು: ಜನರೇಟರಿನ ಕರೆಂಟನ್ನು ಅಳೆಯದೆ ಯಂತ್ರಕ್ಕೆ ಕೊಡಬೇಡಿ, ಇನ್ನೂರೈವತ್ತು ವೋಲ್ಟ್ ದಾಟಿತೋ, ಒಳಗಿನ ಬೋರ್ಡು ಹಪ್ಪಳ. ಮರುದಿನವೇ ಒಂದು ಮೀಟರು ಕೊಂಡು, ಕತ್ತರಿಯ ಪಕ್ಕದ ಮೊಳೆಗೆ ನೇತುಹಾಕಿ, ದಿನವೂ ಅದರ ಧೂಳು ಒರೆಸುತ್ತಿದ್ದಳು. ಉಪಯೋಗಿಸುವ ಭಾಗ್ಯ ಮಾತ್ರ ಬಂದಿರಲಿಲ್ಲ.

ಆ ದಿನ ಬಂತು. ತಂತಿ ರಿಪೇರಿಯೆಂದು ಬೀದಿಗೆಲ್ಲ ಬೆಳಗ್ಗೆಯಿಂದ ನಾಲ್ಕರವರೆಗೆ ಕರೆಂಟಿಲ್ಲ. ಶಾಲೆಯ ಬ್ಯಾಂಡಿನವರಿಗೆ ಜೇಬಿಗೆ ಹಚ್ಚುವ ಹನ್ನೆರಡು ಕಸೂತಿ ಬ್ಯಾಡ್ಜು ನಾಲ್ಕಕ್ಕೆ ಕೊಡಬೇಕು. "ಇದು ಚೆನ್ನಾಗಿ ಬಂದರೆ ಮುಂದಿನ ವರ್ಷದ ಯೂನಿಫಾರ್ಮೆಲ್ಲ ನಿಮಗೇ" ಎಂದಿದ್ದರು ಹೆಡ್‌ಮಿಸ್. ಅದಕ್ಕೆಂದೇ ಹೊಲಿಗೆಯಕ್ಕ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಭಾವನಿಂದ ಜನರೇಟರು ತರಿಸಿದಳು.

ಹತ್ತು ಸಲ ಹಗ್ಗ ಎಳೆದ ಮೇಲೆ ಅದು ನಶ್ಯ ಏರಿಸಿದ ಮುದುಕನಂತೆ ಸೀನಿ ಎದ್ದಿತು.

"ಹೂಂ, ಯಂತ್ರದ ಪ್ಲಗ್ ಚುಚ್ಚು" ಎಂದ ಗಂಡ.

"ರೀ, ಕೈ ಹಚ್ಚಬೇಡಿ! ಮೊದಲು ಅಳೀಬೇಕು."

ಮೀಟರಿನ ಎರಡು ಕಡ್ಡಿ ಚುಚ್ಚಿದಳು. ಇನ್ನೂರ ತೊಂಬತ್ತು! ಯಂತ್ರದ ಪ್ಲಗ್ಗನ್ನು ಗಂಡನ ಕೈಗೆ ಸಿಗದಂತೆ ಎಳೆದುಕೊಂಡಳು. ಜೊತೆಗೆ, ಸುಳ್ಳೇಕೆ, ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ತರಬೇತಿ ದಂಡವಾಗಲಿಲ್ಲವಲ್ಲ.

ಜನರೇಟರಿನ ಸದ್ದಿಗೆ ಬೀದಿಯೇ ಬಂದು ನಿಂತಿತ್ತು. "ಬರೀ ಹೊಟ್ಟೇಲಿ ಓಡಿಸಿದರೆ ಹಾಗೇ ಕುಣಿಯುತ್ತೆ ಅಕ್ಕಾ, ಏನಾದರೂ ಹೊರೆ ಹಾಕಿ, ತಗ್ಗುತ್ತೆ" ಎಂದ ಕ್ಷೌರದಂಗಡಿಯವನು. ಹೊರೆಯನ್ನೂ ಅವನೇ ತಂದ. ಅರ್ಧ ಕೂದಲು ಕತ್ತರಿಸಿದ್ದ ಗಿರಾಕಿಯನ್ನು ಕುರ್ಚಿ ಸಮೇತ ಕರೆತಂದು, ಡ್ರೈಯರ್ ಚುಚ್ಚಿ ಒದ್ದೆ ತಲೆಗೆ ಬಿಸಿಗಾಳಿ ಬಿಟ್ಟ. ಮಹಡಿಮನೆಯ ಅಜ್ಜಿ ಮಿಕ್ಸಿ ತಂದು, "ಪರೀಕ್ಷೆಗೆ ಅಂತ ಕಣೇ" ಎನ್ನುತ್ತ ವಾರಕ್ಕಾಗುವಷ್ಟು ಮೆಣಸು ಪುಡಿ ಮಾಡಿಕೊಂಡಳು. ನಾಲ್ಕು ಜನ ಫೋನು ಚಾರ್ಜಿಗಿಟ್ಟರು. ಹೊಲಿಗೆಯಕ್ಕ ಪ್ರತಿ ಸಲವೂ ಕಡ್ಡಿ ಚುಚ್ಚಿ, ಜ್ವರ ನೋಡುವ ಡಾಕ್ಟರಂತೆ ತಲೆಯಾಡಿಸಿದಳು. ಇನ್ನೂರ ಎಂಬತ್ತೆಂಟು. ಇನ್ನೂರ ಎಂಬತ್ತಾರು.

"ಲೇ, ಮಿಕ್ಸಿ ತಿರುಗ್ತು, ಫೋನು ಸುಡಲಿಲ್ಲ, ಆ ಮನುಷ್ಯನ ತಲೆಯೂ ನೆಟ್ಟಗಿದೆ. ಇನ್ನೇನೇ ನಿಂದು?" ಎಂದ ಗಂಡ.

"ಮಿಕ್ಸಿಗೇನ್ರೀ ಗೊತ್ತು? ಅದು ತರಬೇತಿಗೆ ಹೋಗಿತ್ತಾ?"

ಹೀಗೆ ಅಳೆಯುತ್ತಲೇ ಒಂದು ಗಂಟೆಯಾಯಿತು. ಹೊಲಿಗೆಯಕ್ಕ ಉಸಿರು ಬಿಟ್ಟು ಹೆಡ್‌ಮಿಸ್‌ಗೆ ಫೋನು ಮಾಡಿ, "ಮೇಡಂ, ವೋಲ್ಟೇಜು ಸರಿಯಿಲ್ಲ, ನನ್ನಿಂದ ಆಗಲ್ಲ" ಎಂದುಬಿಟ್ಟಳು. ಶಾಲೆಯ ಜವಾನ ಬಂದು ಬಟ್ಟೆಯನ್ನೂ ಬ್ಯಾಡ್ಜಿನ ಚಿತ್ರವಿದ್ದ ಪೆನ್‌ಡ್ರೈವನ್ನೂ ಒಯ್ದ. ವರ್ಷದ ಯೂನಿಫಾರ್ಮೆಲ್ಲ ಅವನ ಸೈಕಲ್ಲಿನ ಹಿಂದೆ ಕೂತು ಹೋದಂತೆ ಕಂಡಿತು ಅವಳಿಗೆ.

ಆಮೇಲೆ ಎದುರಂಗಡಿಯವನು ಬಂದ. ಅವನದ್ದೂ ಕಸೂತಿ ಯಂತ್ರ, ಅವನಿಗೂ ಕರೆಂಟಿಲ್ಲ.

"ಅಕ್ಕಾ, ಜನರೇಟರು ಸುಮ್ಮನೆ ಕೂತಿದೆಯಲ್ಲ, ಸಂಜೆವರೆಗೆ ಕೊಡ್ತೀರಾ?"

"ತಗೊಂಡು ಹೋಗಪ್ಪ. ಆದರೆ ಯಂತ್ರಕ್ಕೆ ಕೊಡಬೇಡ, ಇನ್ನೂರ ತೊಂಬತ್ತಿದೆ. ಆಮೇಲೆ ಅಕ್ಕ ಹೇಳಲಿಲ್ಲ ಅನ್ನಬೇಡ."

ಅವನು ತಳ್ಳಿಕೊಂಡು ಹೋದ. ಸ್ವಲ್ಪ ಹೊತ್ತಿನಲ್ಲೇ ಎದುರಿನಿಂದ ಟಕಟಕ ಸದ್ದು. ಅಯ್ಯೋ, ಹಾಕೇಬಿಟ್ಟನಲ್ಲ! ಹೊಲಿಗೆಯಕ್ಕ ಕಿಟಕಿಯ ಬಳಿ ಸ್ಟೂಲು ಹಾಕಿ, ಪಕ್ಕದಲ್ಲಿ ಒಂದು ಬಕೆಟ್ ಮರಳಿಟ್ಟುಕೊಂಡು ಹೊಗೆಗಾಗಿ ಕಾದಳು. ಪಾಪದವನು, ಹಾಳಾಗಬಾರದು ಎಂದೇ ಮನಸ್ಸು ಹೇಳುತ್ತಿತ್ತು. ಆದರೂ, ಚೂರೇ ಚೂರು, ಎಳೆಯಷ್ಟು ಹೊಗೆ ಬಂದಿದ್ದರೆ ತನ್ನ ಮಾತಿಗೊಂದು ಬೆಲೆ ಬರುತ್ತಿತ್ತಲ್ಲ ಎಂದೂ ಅನಿಸಿ, ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಎರಡು ಗಂಟೆ ಕಾದಳು. ಬಂದದ್ದು ಟಕಟಕ ಮಾತ್ರ.

ನಾಲ್ಕಕ್ಕೆ ಕರೆಂಟು ಬಂತು. ಅದರ ಹಿಂದೆಯೇ ಎದುರಂಗಡಿಯಿಂದ ಹೆಡ್‌ಮಿಸ್ ಹೊರಬಂದರು. ಕೈಯಲ್ಲಿ ಹನ್ನೆರಡು ಬ್ಯಾಡ್ಜು, ಒಂದೊಂದೂ ಅಚ್ಚು ಹಾಕಿದಂತಿತ್ತು. ಜವಾನ ಒಯ್ದ ಬಟ್ಟೆ ಅಲ್ಲಿಗೇ ಹೋಗಿ ಸೇರಿತ್ತು. ಹಿಂದೆ ಜನರೇಟರು ತಳ್ಳಿಕೊಂಡು ಅವನು.

"ನೀವು ಎಚ್ಚರಿಸಿದ್ದು ಒಳ್ಳೇದಾಯ್ತು ಅಕ್ಕಾ. ಹೆದರಿಕೆಯಾಗಿ, ಹಾಕೋಕೆ ಮೊದಲು ನನ್ನ ಮೀಟರಲ್ಲೂ ನೋಡ್ಕೊಂಡೆ. ಇನ್ನೂರ ಮೂವತ್ತು, ಬಂಗಾರದಂಥ ಕರೆಂಟು!"

"ಸುಳ್ಳು!" ಎಂದು ಹೊಲಿಗೆಯಕ್ಕ ತನ್ನ ಮೀಟರಿನ ಕಡ್ಡಿಗಳನ್ನು ಗೋಡೆಯ ಪ್ಲಗ್ಗಿಗೇ ಚುಚ್ಚಿದಳು. ಅಲ್ಲೂ ಇನ್ನೂರ ತೊಂಬತ್ತು. ಅವನ ಮೀಟರು ಅದೇ ತೂತಿನಲ್ಲಿ ಇನ್ನೂರ ಮೂವತ್ತು ತೋರಿಸಿತು.

ಅವನು ಮೆಲ್ಲಗೆ ಕೇಳಿದ: "ಬ್ಯಾಟರಿ ಯಾವಾಗ ಬದಲಾಯಿಸಿದ್ದು ಅಕ್ಕಾ? ಅದು ಮುಗೀತಾ ಬಂದರೆ ಇದು ಹೆಚ್ಚಿಗೆ ಹೇಳುತ್ತೆ."

ಮೀಟರಿಗೂ ಬ್ಯಾಟರಿ ಇರುತ್ತದೆಂಬುದೇ ಹೊಲಿಗೆಯಕ್ಕನಿಗೆ ಆಗ ಹೊಳೆದದ್ದು. ಗಂಡ ಕೆಮ್ಮಿದ. ಬೇಕೆಂದೇ ಕೆಮ್ಮಿದ.

ಹೆಡ್‌ಮಿಸ್‌ಗೆ ಬ್ಯಾಂಡಿನ ಅವಸರ. ಮೀಟರಿನ ಪಂಚಾಯಿತಿ ಅವರ ಕಿವಿಗೆ ಬೀಳಲಿಲ್ಲ. "ಯೂನಿಫಾರ್ಮ್ ಕೆಲಸ ಇವರಿಗೇ ಒಪ್ಪಿಸಿದೀನಿ, ಬೇಜಾರು ಮಾಡ್ಕೋಬೇಡಿ" ಎಂದು ಎದುರಂಗಡಿಯವನತ್ತ ಕೈ ತೋರಿ, ಅವಳ ಕಡೆ ಪ್ರೀತಿಯಿಂದ ನೋಡಿದರು. "ಆದರೆ ಇಷ್ಟು ಜಾಗರೂಕತೆ ಇರೋರನ್ನ ನಾನು ನೋಡೇ ಇಲ್ಲ. ಸೋಮವಾರ ಶಾಲೆಗೆ ಬಂದು, ಕರೆಂಟು ಅಳೆಯೋದು ಹೇಗೆ ಅಂತ ಮಕ್ಕಳಿಗೆ ಒಂದು ಗಂಟೆ ಪಾಠ ಮಾಡ್ತೀರಾ?"

ಇಡೀ ಬೀದಿ ಕಿವಿ ನಿಮಿರಿಸಿತ್ತು.

"ಬರ್ತೀನಿ ಮೇಡಂ" ಎಂದು, ಎದುರಂಗಡಿಯವನ ಕಡೆ ತಿರುಗಿ ದನಿ ತಗ್ಗಿಸಿದಳು: "ತಮ್ಮಾ, ಸೋಮವಾರ ನಿನ್ನ ಮೀಟರು ಕೊಟ್ಟಿರ್ತೀಯಾ?"