ಬಾವಿ ರಾಡಿಯಾದ ಬಗೆ

ಬಾವಿ ಇರುವ ಮನೆಯವರಿಗೆ ಒಂದು ಜಂಬ ಇರುತ್ತದೆ. ನನಗೂ ಇತ್ತು. ಶಿವಮೊಗ್ಗದ ಆಫೀಸಿನಲ್ಲಿ ಎಲ್ಲರೂ ನಲ್ಲಿ ನೀರು ಬಂತೇ, ಇಲ್ಲವೇ ಎಂದು ಗೋಳಾಡುವಾಗ ನಾನು ಮಾತ್ರ "ನಮ್ಮದು ಬಾವಿ ನೀರಪ್ಪ" ಎಂದು ಕಾಲ ಮೇಲೆ ಕಾಲು ಹಾಕುತ್ತಿದ್ದೆ. ಮಲವಗೊಪ್ಪದ ಈ ಹಳೆಯ ಮನೆಯನ್ನು ಕೊಂಡದ್ದೇ ಹಿತ್ತಲಿನ ಬಾವಿಯನ್ನು ನೋಡಿ. ಗೋಡೆಯ ಬಿರುಕು ಕಣ್ಣಿಗೆ ಬಿದ್ದದ್ದು ಆಮೇಲೆ. ಈ ಬೇಸಿಗೆಯಲ್ಲಿ ಆ ಜಂಬ ಇಳಿಯಿತು. ಬಾವಿಯಿಂದ ಪಂಪಿನಲ್ಲಿ ನೀರು ಬರುವ ಮನೆಯ ನಲ್ಲಿ ತಿರುಗಿಸಿದರೆ ಟೀ ಬಣ್ಣದ ನೀರು. ಪಾತ್ರೆಯಲ್ಲಿ ಹಿಡಿದಿಟ್ಟರೆ ತಳದಲ್ಲಿ ಬೆರಳುದ್ದ ಗಸಿ. ನನ್ನ ಬಿಳಿ ಅಂಗಿಗಳೆಲ್ಲ ಕಾವಿಗೆ ತಿರುಗಿ, ಸಹೋದ್ಯೋಗಿಗಳು "ಯಾವ ಮಠ ಸಾರ್?" ಎಂದು ವಿಚಾರಿಸತೊಡಗಿದರು.

ನನ್ನ ಹೆಂಡತಿ ಸುಮಿತ್ರ ನಲ್ಲಿಯ ಬಾಯಿಗೆ ಹಳೆಯ ಪಂಚೆ ಮಡಿಸಿ ಕಟ್ಟಿದಳು. ನೀರಿನಲ್ಲಿ ಪಟಿಕ ಆಡಿಸಿದಳು. ಕೊನೆಗೆ ತೀರ್ಪು ಕೊಟ್ಟಳು: "ರೀ, ಈ ತಿಂಗಳೊಂದು ನೋಡ್ತೀನಿ. ತಿಳಿಯಾಗ್ಲಿಲ್ಲ ಅಂದ್ರೆ ಬಾವಿಗೆ ಚಪ್ಪಡಿ ಹಾಕಿಸಿ ಮುಚ್ಚಿಸೋದೇ!"

ಬಾವಿ ಮುಚ್ಚಿದರೆ ರಾಟೆಯೂ ಹೋದಂತೆ. ಆ ಬಾವಿಗೆ ಹಾಕಿರುವ ಕಬ್ಬಿಣದ ರಾಟೆ ಭದ್ರಾವತಿಯ ನಮ್ಮ ಮನೆಯದು. ಅಪ್ಪ ಕಾರ್ಖಾನೆಗೆ ಹೊರಡುವ ಮುಂಚೆ ಅಮ್ಮ ನೀರು ಸೇದಿ ಹಂಡೆ ತುಂಬಿಸುತ್ತಿದ್ದಳು. ಅಮ್ಮ ಹೋದ ಮೇಲೆ ಮನೆ ಮಾರಿದಾಗ ಅಣ್ಣ ಬೀರು ತೆಗೆದುಕೊಂಡ, ನಾನು ರಾಟೆ ತಂದೆ. "ಪೆದ್ದ" ಎಂದ ಅಣ್ಣ. ಎನ್ನಲಿ ಬಿಡಿ. ಪಂಪು ಇದ್ದರೂ ದಿನಾ ಬೆಳಿಗ್ಗೆ ತುಳಸಿಗೆಂದು ಎರಡು ಕೊಡ ನಾನೇ ಸೇದುತ್ತೇನೆ. ಹಗ್ಗ ಬಿಟ್ಟರೆ ರಾಟೆ ಗರಗರನೆ ತಿರುಗಿ, ಹಿತ್ತಾಳೆ ಕೊಡ ದೊಪ್ಪನೆ ಬೀಳುತ್ತದೆ. ಆ ಸದ್ದಿಗೆ ಅಮ್ಮ ಹಿತ್ತಲಲ್ಲೇ ಇದ್ದಾಳೆ ಅನ್ನಿಸುತ್ತದೆ. ಕಣ್ಣೊರೆಸಿಕೊಂಡು ಹೋಗಿ ಪಂಪು ಹಾಕುತ್ತೇನೆ.

ಬಾವಿ ಕೆಲಸದ ಮುರುಗೇಶನನ್ನು ಭದ್ರಾವತಿಯಿಂದಲೇ ಕರೆಸಿದೆ. ಸುತ್ತಮುತ್ತಲ ಬೋರ್‌ವೆಲ್‌ಗಳ ಮೇಲೆ ನನ್ನ ಗುಮಾನಿಯನ್ನು ವಿವರವಾಗಿ ಹೇಳಿದೆ. ಅವನು ತಲೆಯಾಡಿಸುತ್ತ ಇಳಿದು, ತೊಯ್ದು ಮೇಲೆ ಬಂದ.

"ಸೈಡೆಲ್ಲ ಗಟ್ಟಿ ಇದೆ ಸಾರ್. ಆದ್ರೆ ನೀರು ಸೊಂಟದ ಮಟ್ಟಕ್ಕೆ ಇಳಿದಿದೆ. ತಳದಲ್ಲಿ ಒಂದೇ ಕಡೆ ಗುಂಡಿ ಬಿದ್ದಿದೆ ನೋಡಿ, ಅಲ್ಲಿನ ಕೆಸರೆದ್ದು ಪಂಪಿಗೆ ಬರ್ತಿದೆ. ಯಾರೋ ದಿನಾ ಮೇಲಿಂದ ಕೊಡ ಬಿಟ್ಟು ಕುಟ್ತಾ ಇದಾರೆ."

ಸುಮಿತ್ರ ನನ್ನನ್ನು ನೋಡಿದಳು. ನಾನು ತುಳಸಿಗಿಡವನ್ನು ನೋಡಿದೆ.

ಆಗಲೇ ನೆನಪಾದದ್ದು. ಅಮ್ಮ ಎಂದೂ ಹಗ್ಗ ಕೈಬಿಟ್ಟವಳಲ್ಲ. ಮೆಲ್ಲಗೆ ಇಳಿಸಿ, ನೀರಿನ ಮೇಲೆ ಕೊಡವನ್ನು ಓರೆ ಮಾಡಿ, ಮೇಲಿನ ತಿಳಿಯನ್ನಷ್ಟೇ ತುಂಬಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ದೊಪ್ಪೆನ್ನಿಸುತ್ತಿದ್ದವನು ನಾನು! "ಲೋ, ನಿಧಾನ ಬಿಡೋ ಮಾರಾಯ, ಬಾವಿ ಕಲಕಬೇಡ" ಎಂದು ಅವಳು ಅಡುಗೆಮನೆಯಿಂದ ಬೈಯುತ್ತಿದ್ದಳು. ಇಷ್ಟು ವರ್ಷ ಅಮ್ಮನ ನೆನಪೆಂದು ನಾನು ಕಣ್ಣೊರೆಸಿಕೊಂಡದ್ದು ನನ್ನದೇ ಪುಂಡಾಟದ ಸದ್ದಿಗೆ.

ಈಗ ಹಗ್ಗವನ್ನು ಹಿಡಿದೇ ಇಳಿಸುತ್ತೇನೆ. ನೀರು ತಿಳಿಯಾಗಿದೆ, ಚಪ್ಪಡಿಯ ಮಾತಿಲ್ಲ. ಆದರೂ ನಾನು ರಾಟೆಯ ಬಳಿ ಹೋದರೆ ಸಾಕು, ಒಳಗಿಂದ ಸುಮಿತ್ರ ಕೂಗುತ್ತಾಳೆ: "ನಿಧಾನ ಬಿಡ್ರೀ, ಕಲಕಬೇಡಿ!" ಥೇಟ್ ಅಮ್ಮನ ಧಾಟಿ. ಒಮ್ಮೊಮ್ಮೆ ಅವಳು ಕೂಗುವುದನ್ನು ಮರೆಯುತ್ತಾಳೆ. ಆಗ ಹಗ್ಗವನ್ನು ಬೇಕೆಂದೇ ಒಂದು ಮಾರು ಸಡಿಲ ಬಿಡುತ್ತೇನೆ. ಆ ದಿನ ಮಾತ್ರ ಬಿಳಿ ಅಂಗಿ ಒಗೆಯಲು ಹಾಕುವುದಿಲ್ಲ.