ಒಂದೇ ಬಾಣದ ದಾಖಲೆ

ಹೆಂಡತಿಯ ಜೊತೆ ವಾದ ಮಾಡಿ ಗೆದ್ದವರು ಯಾರಾದರೂ ಇದ್ದರೆ ರಾಣೆಬೆನ್ನೂರಿಗೆ ಬರಲಿ, ನಾನೇ ನಿಂತು ಸನ್ಮಾನ ಮಾಡಿಸುತ್ತೇನೆ. ಶಾಲಿನ ಖರ್ಚು ನನ್ನದು. ಗಂಡಸರು ಸೋಲುವುದು ಬುದ್ಧಿ ಕಡಿಮೆಯಾಗಿ ಅಲ್ಲ ಸ್ವಾಮಿ, ಸಾಕ್ಷಿ ಇಲ್ಲದೆ. ಯುಗಾದಿಗೆ ಆಡಿದ ಮಾತು ಕಾರಹುಣ್ಣಿಮೆಗೆ ಇರುವುದಿಲ್ಲ. ಕೇಳಿದರೆ, “ನಾ ಎಲ್ಲಿ ಹಂಗ ಅಂದೇನಿ?” ಎಂಬ ಒಂದೇ ಪ್ರಶ್ನೆ. ನನ್ನ ಹದಿನಾರು ವರ್ಷದ ಸಂಸಾರದ ಎಲ್ಲ ಖಟ್ಲೆಗಳೂ ಈ ಪ್ರಶ್ನೆಯ ಮುಂದೆ ವಜಾ ಆಗಿವೆ.

ಆದರೆ ನಾನು ಅಂತಿಂಥ ಗಂಡನಲ್ಲ. ಹೆಸರು ಪುಂಡಲೀಕ. ಹಾವೇರಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಕಲಿಸುವವನು. ಉಳಿದವರು ಬಣ್ಣದ ಚಿತ್ರಗಳನ್ನು ಒತ್ತಿ ಕೆಲಸ ಸಾಗಿಸುತ್ತಾರೆ. ನಾನು ಟರ್ಮಿನಲ್ ಎಂಬ ಕಪ್ಪು ಪರದೆಯ ಮೇಲೆ ಅಕ್ಷರ ಕುಟ್ಟಿ ಆಜ್ಞೆ ಕೊಡುತ್ತೇನೆ. (ನಮ್ಮ ಮನೆಯಲ್ಲಿ ನನ್ನ ಆಜ್ಞೆ ಪಾಲಿಸುವುದು ಅದೊಂದೇ.)

ಟರ್ಮಿನಲ್ಲಿನಲ್ಲಿ ಉತ್ತರ ಸರಸರನೆ ಬಂದು ಮೇಲಕ್ಕೆ ಸರಿದು ಮಾಯವಾಗುತ್ತದೆ. ಅದನ್ನು ಹಿಡಿದಿಡಬೇಕಾದರೆ ಆಜ್ಞೆಯ ಕೊನೆಗೆ > ಎಂದು ಒಂದು ಬಾಣದ ಗುರುತು ಹಾಕಿ ಫೈಲಿನ ಹೆಸರು ಬರೆಯಬೇಕು. ಪರದೆಗೆ ಬರಬೇಕಾದದ್ದು ಸದ್ದಿಲ್ಲದೆ ಫೈಲಿಗೆ ಹೋಗಿ ಕೂರುತ್ತದೆ. ಇಷ್ಟು ದೊಡ್ಡ ವಿದ್ಯೆ ಕೈಯಲ್ಲಿಟ್ಟುಕೊಂಡು ಹೆಂಡತಿಯ ಮಾತನ್ನು ಗಾಳಿಗೆ ಬಿಡುವುದೇ? ಈ ಜ್ಞಾನೋದಯ ನನಗಾದದ್ದು ಯುಗಾದಿಯ ದಿನ, ಹೋಳಿಗೆ ತಿನ್ನುವಾಗ.

ಆ ದಿನ ನನ್ನ ಹೆಂಡತಿ ಶ್ರೀದೇವಿ ತುಪ್ಪ ಬಡಿಸುತ್ತ ತಾನಾಗಿಯೇ ಅಂದಳು: “ಆ ಕಿಟಕಿ ಮೂಲಿ ನಿಮ್ದ ಆತ್ ಬಿಡ್ರಿ. ನಾ ಇನ್ನ ಕೇಳಂಗಿಲ್ಲ.” ನಮ್ಮ ಮನೆಯಲ್ಲಿ ಬೆಳಕೂ ಪ್ಲಗ್ಗೂ ಒಟ್ಟಿಗೆ ಸಿಗುವ ಜಾಗ ಅದೊಂದೇ. ಅಲ್ಲಿ ನನ್ನ ಕಂಪ್ಯೂಟರ್ ಟೇಬಲ್ ಇದೆ. ಅವಳಿಗೆ ಅಲ್ಲಿ ಹೊಲಿಗೆ ಮಷೀನ್ ಇಡುವ ಆಸೆ. ನಾನು ಅರ್ಧ ಹೋಳಿಗೆ ಬಿಟ್ಟು ಎದ್ದು, ಅವಳ ಮಾತನ್ನು ಅಕ್ಷರ ಬಿಡದೆ ಟೈಪ್ ಮಾಡಿ, ಬಾಣ ಹಾಕಿ, ಫೈಲಿಗೆ ಕಳಿಸಿದೆ.

ಅಂದಿನಿಂದ ದಿನಾ ಸಂಜೆ ಇದೇ ವ್ರತ. ಅವಳದೊಂದೇ ಬರೆದರೆ ಪಕ್ಷಪಾತವಾದೀತೆಂದು ನನ್ನ ಮಾತನ್ನೂ ‘ನಾನು’ ಎಂದು ಗುರುತು ಹಾಕಿ ಬರೆಯುತ್ತಿದ್ದೆ. ಹಿಂದಿನ ದಿನದ ಆಜ್ಞೆಯನ್ನೇ ಮತ್ತೆ ಪರದೆಗೆ ಕರೆಸಿ, ಮಾತನ್ನಷ್ಟೇ ಬದಲಿಸಿ, ಎಂಟರ್ ಒತ್ತುವುದು. (ಬುದ್ಧಿವಂತರು ಒಂದೇ ಆಜ್ಞೆಯನ್ನು ಎರಡು ಸಲ ಕುಟ್ಟುವುದಿಲ್ಲ.) ಪರದೆ ಏನೂ ಅನ್ನುತ್ತಿರಲಿಲ್ಲ. ಲಿನಕ್ಸ್ ಸುಮ್ಮನಿದೆ ಅಂದರೆ ಎಲ್ಲ ಸರಿಯಾಗಿದೆ ಎಂದರ್ಥ. ಹೆಂಡತಿ ಸುಮ್ಮನಿದ್ದರೆ ಅರ್ಥ ಬೇರೆ, ಅದನ್ನು ನಿಮಗೆ ಹೇಳಬೇಕಾಗಿಲ್ಲ.

ನಾಗರ ಪಂಚಮಿ ಹತ್ತಿರ ಬಂತು. ಒಂದು ಶುಕ್ರವಾರ ಶ್ರೀದೇವಿ ಟೇಪು ಕೊರಳಿಗೆ ಹಾಕಿಕೊಂಡು ಬಂದು ನಿಂತಳು.

“ರೀ, ಹಬ್ಬಕ್ಕ ಹನ್ನೊಂದು ಜಂಪರ ಹೊಲ್ಯಾಕ ಬಂದಾವು. ಅಡಗಿಮನಿ ಕತ್ತಲದಾಗ ಸೂಜಿಗೆ ದಾರ ಪೋಣಸಾಕ ಆಗವಲ್ದು. ಆ ಮೂಲಿ ಬಿಟ್ಟಕೊಡ್ರಿ.”

“ಯುಗಾದಿ ದಿನ ‘ಆ ಮೂಲಿ ನಿಮ್ದ’ ಅಂದಿದ್ದಿ.”

“ನಾ ಎಲ್ಲಿ ಹಂಗ ಅಂದೇನಿ?”

ಆಹಾ! ನಾಲ್ಕು ತಿಂಗಳಿಂದ ನಾನು ಕಾದದ್ದು ಈ ಒಂದು ವಾಕ್ಯಕ್ಕೆ. “ಪುರಾವೆ ಐತಿ,” ಅಂದೆ.

“ಹಂಗಾರ ತೋರ್ಸ್ರಿ.”

“ನಿನಗೊಬ್ಬಾಕಿಗೇ ತೋರಿಸಿದ್ರ ನಾಳೆ ನೋಡೇ ಇಲ್ಲ ಅಂತಿ. ಹಿರೇರ ಮುಂದ ತೋರಿಸ್ತೇನಿ. ನಿಮ್ಮಪ್ಪಗ ಫೋನ್ ಹಚ್ಚು!” (ಅವಳ ತಂದೆಯನ್ನೇ ನ್ಯಾಯಾಧೀಶರನ್ನಾಗಿ ಕರೆದೆ. ನನ್ನ ಧೈರ್ಯ ನೋಡಿ.)

ರವಿವಾರ ಬೆಳಿಗ್ಗೆ ಮಾವ ಗಿರಿಯಪ್ಪನವರು ಕದರಮಂಡಲಗಿಯಿಂದ ಒಂದು ಚೀಲ ಮೆಣಸಿನಕಾಯಿ ಹಿಡಿದು ಬಂದರು. ಊರಲ್ಲಿ ಎಷ್ಟೋ ಬದುವಿನ ಜಗಳ ಬಗೆಹರಿಸಿದ ಹಿರಿಯರು. ರವಿಕೆಯ ಅಳತೆ ಕೊಡಲು ಬಂದ ಪಕ್ಕದ ಮನೆಯ ರಹಿಮತಬಿಯೂ ಚಾಪೆಯ ತುದಿಗೆ ಕೂತಳು. ನಾನು ಪರದೆಯನ್ನು ಸಭೆಯತ್ತ ತಿರುಗಿಸಿ, ಅಕ್ಷರ ದೊಡ್ಡದು ಮಾಡಿ, ಗಂಟಲು ಸರಿಪಡಿಸಿಕೊಂಡೆ.

“ಮಾವಾರ, ಮನಶ್ಯಾರು ಮಾತು ತಿರುಗಸ್ತಾರ, ಈ ಮಷೀನು ತಿರುಗಸೂದಿಲ್ಲ. ಇದು ಏನ್ ಹೇಳತೈತಿ ಅದಕ್ಕ ನಾ ತಲಿ ಬಾಗಸ್ತೇನಿ.”

“ನೀ ಏನಂತೀಬೇ?” ಎಂದು ಮಾವ ಮಗಳನ್ನು ಕೇಳಿದರು.

“ನಾನೂ ಒಪ್ಪೇನಪಾ. ಇವತ್ತ ಒಂದ್ ಇತ್ಯರ್ಥ ಆಗ್ಲಿ.”

“ಚಷ್ಮಾ ಹಾಕ್ಕೊರ್ರಿ ಮಾವಾರ,” ಅಂದೆ. “ನಾಕ ತಿಂಗಳ ಮಾತು ಅದಾವು, ಲಗೂ ಲಗೂ ಬರತಾವು.”

ಉದ್ದದ ಫೈಲನ್ನು ಪುಟಪುಟವಾಗಿ ತೋರಿಸುವ ಆಜ್ಞೆ ಬೇರೆ ಇದೆ. ಆದರೆ ನನಗೆ ಬೇಕಾಗಿದ್ದದ್ದು ದರ್ಬಾರು. ಎಲ್ಲ ಒಮ್ಮೆಲೇ ಸುರಿಯಲಿ ಎಂದು ಕ್ಯಾಟ್ ಎಂಬ ಆಜ್ಞೆ ಹಿಡಿದೆ. ಕ್ಯಾಟ್ ಅಂದರೇನೆಂದು ಮಾವ ಕೇಳಿದರು. ಬೆಕ್ಕು ಅಂದೆ.

“ಬೆಕ್ಕಿನ ಕಡೆ ಹಾಲ ಕಾಯಾಕ ಕೊಟ್ಟಂಗಾತು,” ಎಂದಳು ಶ್ರೀದೇವಿ.

ಎಂಟರ್ ಒತ್ತಿದೆ. ಬಂದದ್ದು ಒಂದೇ ಒಂದು ಸಾಲು. ಮಾವನವರು ಚಷ್ಮಾ ಏರಿಸಿ, ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದರು:

“ನಾನು: ಆತ ಮಾರಾಯ್ತಿ, ಆ ಮೂಲಿ ನೀನ ತೊಗೊ. ಮೊದಲ ರೊಟ್ಟಿ ಹಾಕು.”

ಇನ್ನೊಮ್ಮೆ ಒತ್ತಿದೆ. ಅದೇ ಸಾಲು. ಮೂರನೆಯ ಸಲವೂ ಅದೇ.

“ಈ ‘ನಾನು’ ಅಂದ್ರ ಯಾರ್ರಿ ಅಳಿಯಾರ?”

“ನಾನ್ರಿ. ನಿನ್ನೆ ಸಂಜಿಕ ಹಸಿವಿಗೆ ಅಂದಿದ್ದೆ.”

“ಉಳದ ಮಾತು?”

“ಅಳಿಸಿ ಹೋಗ್ಯಾವ್ರಿ. ಒಂದ ಬಾಣ ಹಾಕಿದ್ರ ಹಿಂದಿಂದೆಲ್ಲಾ ಅಳಿಸಿ ಹೊಸಾದೊಂದ ಉಳೀತೈತಿ. ಎಲ್ಲಾ ಉಳೀಬೇಕಂದ್ರ ಎರಡು ಬಾಣ ಹಾಕಬೇಕ್ರಿ.”

“ಇದು ನಿಮಗ ಗೊತ್ತಿರಲಿಲ್ಲೇನು?”

ಗೊತ್ತಿರಲಿಲ್ಲವೇ! ಪ್ರತಿ ವರ್ಷ ಲ್ಯಾಬಿನಲ್ಲಿ ಹುಡುಗರಿಗೆ ಬೋರ್ಡಿನ ಮೇಲೆ ಬರೆದು, ಮೇಜು ಕುಟ್ಟಿ ಕಲಿಸುವುದೇ ಇದನ್ನು. ತಪ್ಪಿದವರ ಅಂಕ ಕಡಿದವನೂ ನಾನೇ. ಯುಗಾದಿಯ ದಿನ ಹೋಳಿಗೆಯ ಕೈಯಲ್ಲಿ ಒಂದು ಬಾಣ ಹಾಕಿದ್ದೆ, ಆಮೇಲೆ ನಾಲ್ಕು ತಿಂಗಳು ಅದೇ ಆಜ್ಞೆಯನ್ನು ಕರೆಸಿ ಕರೆಸಿ, ದಿನಾ ಸಂಜೆ ಹಿಂದಿನ ದಿನದ ಸಾಕ್ಷಿಯನ್ನು ಸ್ವಂತ ಕೈಯಿಂದ ಒರೆಸಿದ್ದೆ. ತಪ್ಪದೆ, ಶ್ರದ್ಧೆಯಿಂದ ಒರೆಸಿದ್ದೆ.

“ಮಷೀನ್ ನಿಮ್ದು, ಕೈ ನಿಮ್ದು, ಮಾತೂ ನಿಮ್ದ,” ಎಂದು ಮಾವ ಚಷ್ಮಾ ತೆಗೆದರು. “ಇಷ್ಟು ಸಸಾರ ನ್ಯಾಯ ನಾ ಎಂದೂ ಮಾಡಿಲ್ಲರಿ. ಏಳ್ರಿ, ಟೇಬಲ್ ಹಿಡೀರಿ.”

ಶ್ರೀದೇವಿ ನಗುತ್ತಾಳೆಂದು ಕಾದೆ. ಅವಳು ನಗಲಿಲ್ಲ.

“ಖರೇನ ದಿನಾ ಬರದಿಟ್ರ್ಯಾ? ನಾ ಆಡಿದ್ದೆಲ್ಲಾ?”

“ಖರೇನ. ನಾಕ ತಿಂಗಳು.”

“ಹದಿನಾರು ವರ್ಷದಾಗ ನನ್ನ ಮಾತು ನಿಮ್ಮ ಕಿವಿಗೆ ಬೀಳತೈತಿ ಅಂತ ಇವತ್ತ ಗೊತ್ತಾತು ನೋಡ್ರಿ,” ಎಂದಳು. ಸೋತದ್ದು ನಾನೇ ಆದರೂ ಆ ಗಳಿಗೆ ನನಗೆ ಯಾಕೋ ಹೆಮ್ಮೆಯೇ ಆಯಿತು.

ಈಗ ಕಿಟಕಿ ಮೂಲೆಯಲ್ಲಿ ಹೊಲಿಗೆ ಮಷೀನ್ ಓಡುತ್ತದೆ. ನನ್ನ ಟೇಬಲ್ ಅಡುಗೆಮನೆಯ ಬಾಗಿಲ ಪಕ್ಕ, ಜೋಳದ ಡಬ್ಬಿಗೆ ಆತು ನಿಂತಿದೆ. ಜಂಪರದ ಅಳತೆಗಳನ್ನು ನಾನೇ ಟರ್ಮಿನಲ್ಲಿನಲ್ಲಿ ಬರೆದಿಡುತ್ತೇನೆ, ಎರಡು ಬಾಣ ಹಾಕಿ. ತೋಳು, ಕೊರಳು, ಬೆನ್ನು, ಹನ್ನೊಂದು ಜನರದೂ ಭದ್ರ. ಇಡೀ ಜಿಲ್ಲೆಯಲ್ಲಿ ಜಂಪರದ ಅಳತೆಯನ್ನು ಲಿನಕ್ಸಿನಲ್ಲಿಟ್ಟ ದರ್ಜಿ ನನ್ನ ಹೆಂಡತಿ ಒಬ್ಬಳೇ ಇರಬೇಕು. ಅವಳ ಗುಮಾಸ್ತನೂ ನಾನೊಬ್ಬನೇ.

ನಿನ್ನೆ ಜಂಪರ ಒಯ್ಯಲು ಬಂದ ರಹಿಮತಬಿ ನನ್ನ ಟೇಬಲ್ಲಿನ ಹತ್ತಿರ ಬಂದು ದನಿ ತಗ್ಗಿಸಿದಳು.

“ಸರ, ನಮ್ಮ ಮನಿಯವರ ಮಾತೂ ನಿಮ್ಮ ಮಷೀನ್ನ್ಯಾಗ ಬರದಿಡ್ತೀರೇನ್ರಿ?”

ನನ್ನ ವಿದ್ಯೆಯ ಕೀರ್ತಿ ಕಾಂಪೌಂಡ್ ದಾಟಿತಲ್ಲ ಎಂದು ನಾನು ಉಬ್ಬಿಹೋದೆ. “ಅದಕ್ಕೇನ್ ರಹಿಮತಬಿ, ಧಾರಾಳ! ಒಂದು ಅಕ್ಷರಾನೂ ಹೋಗದಂಗ ಎರಡು ಬಾಣ ಹಾಕಿ…”

“ಎರಡು ಬ್ಯಾಡ್ರಿ, ಬ್ಯಾಡ್ರಿ!” ರಹಿಮತಬಿ ಗಾಬರಿಯಿಂದ ಕೈ ಅಡ್ಡ ಹಿಡಿದಳು. “ನಿಮ್ಮ ಮನ್ಯಾಗ ಹಾಕಿದ್ರಲ್ಲ ಸರ, ಆ ಒಂದ ಬಾಣದ್ದ ಹಾಕ್ರಿ.”