ಅತ್ತೆ ಅಸಲಿಯೋ, ನಕಲಿಯೋ?

ಕೀರ್ತಿರಾಜ್ ತನ್ನ ಅತ್ತೆ ಸುಬ್ಬಮ್ಮನವರನ್ನು ಮೊದಲು ಕಂಡದ್ದು ಮಲ್ಲಿಪಟ್ಟಣದಲ್ಲಿ, ಹೆಣ್ಣು ನೋಡಲು ಹೋದ ದಿನ. ಸುಡುವ ಕಾಫಿಯ ಸ್ಟೀಲ್ ಲೋಟ ಅವನ ಕೈಗಿಟ್ಟು, ಬಾಗಿಲಿಗೊರಗಿ ನಿಂತು, ಅಡಿಯಿಂದ ಮುಡಿಯವರೆಗೆ ಅಳೆದು ಕೇಳಿದ್ದರು: "ಓದ್ದೋರೇ ಬಲು ಬೇಗ ಯಾಮಾರ್ತಾರಂತೆ, ದಿಟ್ವಾ?"

ಬೆರಳು ಬೇಯುತ್ತಿದ್ದರೂ ಲೋಟ ಬಿಡದೆ, ವಂಶದ ಮೊದಲ ಪದವೀಧರ ಗರ್ಜಿಸಿದ್ದ: "ನನ್ನನ್ನ ಯಾಮಾರಿಸೋರು ಇನ್ನೂ ಹುಟ್ಟಿಲ್ಲ ಕಣಮ್ಮ!"

ಮದುವೆಯಾದ ಮೇಲೂ ಆ ಪ್ರತಿಜ್ಞೆ ಸಡಿಲಲಿಲ್ಲ. ಹಾಸನದ ಮನೆಯಲ್ಲಿ ಕೂತು ಫೇಸ್‌ಬುಕ್ಕಿನ ನಕಲಿ ಖಾತೆಗಳನ್ನು ಹುಡುಕಿ ಹುಡುಕಿ ಸಂಹರಿಸುತ್ತಿದ್ದ. ಒಂದು ಶನಿವಾರ 'ಸುಬ್ಬಮ್ಮ' ಎಂಬ ಹೊಚ್ಚಹೊಸ ಖಾತೆಯಿಂದ ಸ್ನೇಹಕೋರಿಕೆ ಬಂತು. ಓದುಬರಹ ಬಾರದ ಅತ್ತೆಗೆ ಖಾತೆಯೇ? ಬಲೆಗೆ ಕೆಡವಲೆಂದೇ ಒಪ್ಪಿಕೊಂಡ. ಮರುದಿನ ಅದೇ ಖಾತೆಯಿಂದ ಕರೆ!

"ಅಳಿಮಯ್ಯಾ, ಆಸನದ ಬಸ್‌ಸ್ಟ್ಯಾಂಡ್ನಾಗಿವ್ನಿ ಕಣಪ್ಪ. ನಿನ್ ಬಾಮೈದ ಭೀಮ ವಸಾ ಫೋನ್ ಕೊಟ್ಟು, ಅದೇನೋ ಪೇಸ್‌ಬುಕ್ಕೂ ಆಕ್ಕೊಟ್ಟವ್ನೆ. ನಿನ್ ಮಕ ಕಾಣ್ತು, ಒತ್ತುದೆ. ಬಂದ್ ಕರ್ಕಂಡೋಗು."

ದನಿ ಅತ್ತೆಯದೇ. ಆದರೆ ಈಗ ದನಿಯನ್ನೂ ನಕಲು ಮಾಡುತ್ತಾರೆಂದು ಅವನು ಓದಿದ್ದ. ಅಷ್ಟರಲ್ಲಿ ಹಿಂದೆ ಹುಂಜ ಕೂಗಿತು.

"ಓಹೋ, ಕೋಳಿ ಸೌಂಡ್ ಬೇರೆ ಹಾಕಿದ್ದೀರಾ? ಸರಿ, ನಿಮ್ಮ ಗಂಡನ ಹೆಸರು ಹೇಳಿ!"

"ಅಯ್ಯಯ್ಯಪ್ಪ! ಅದ್ನೆಂಗ್ ಏಳ್ಲಿ?"

"ಗೊತ್ತಿಲ್ವಾ?"

"ಗೊತ್ತಿಲ್ದೆ ಏನು! ಬಾಯಲ್ ಬರಾಕಿಲ್ಲ ಕಣಪ್ಪ..."

"ಸಿಕ್ಕಿಬಿದ್ದೆ ಕಳ್ಳಿ!" ಬ್ಲಾಕ್! ಆಹಾ, ದಿಗ್ವಿಜಯ!

ಮಹಡಿಯಲ್ಲಿ ಬಟ್ಟೆ ಒಣಹಾಕಿ ಇಳಿದು ಬಂದ ಹೆಂಡತಿ ಶೋಭಿತಾಗೆ ಮೀಸೆ ತೀಡುತ್ತ ವರದಿ ಒಪ್ಪಿಸಿದ. ಅವಳ ಕೈಯ ಬಕೆಟ್ ದಡಾರನೆ ಬಿತ್ತು.

"ರೀ, ಅದು ನಮ್ಮವ್ವನೇ! ಬಸ್ಸಿನ ಬೋರ್ಡ್ ಓದೋಕೂ ಬರಲ್ಲ ಅವಳಿಗೆ. ಯಾವ್ದೋ ಊರಿನ ಬಸ್ ಹತ್ತಿ ಹೋಗ್ಬಿಟ್ರೆ?"

ದಿಗ್ವಿಜಯಿ ಕೀಲಿ ಕಿತ್ತುಕೊಂಡು ಹೊರಗೆ ಓಡಿದ. ಬೈಕು ಹಾರಿತು, ಹಿಂದಿನ ಸೀಟಿನಿಂದ ಶೋಭಿತಾಳ ಬೈಗುಳವೂ ಹಾರಿತು. ನಿಲ್ದಾಣದಲ್ಲಿ ನೋಡಿದರೆ, ಹೊರಡಲು ಗುರುಗುಟ್ಟುತ್ತಿದ್ದ ಚನ್ನರಾಯಪಟ್ಟಣದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು, ಕಂಕುಳಲ್ಲಿ ನಾಟಿ ಹುಂಜ!

"ಅತ್ತೇ! ಹತ್ಬೇಡಿ!"

ಸುಬ್ಬಮ್ಮ ತಿರುಗಿದರು. ಕೀರ್ತಿರಾಜನಿಗೆ ಹೋದ ಜೀವ ಬಂದಂತಾಯಿತು. ಹುಂಜದ ಸಮೇತ ತಬ್ಬಿಕೊಳ್ಳುವುದೊಂದು ಬಾಕಿ.

"ಬಂದ್ಯಾ! ಅದೇನಪ್ಪ, ಮಾತಾಡ್ತಾಡ್ತಾ ಮಡಗ್ಬುಟ್ಟೆ? ಯಾರ್ನೋ ಕಳ್ಳಿ ಅಂತಿದ್ದೆ, ಸಿಕ್ಕುದ್ಲಾ?"

"ಇಲ್ಲ ಅತ್ತೆ... ತಪ್ಪಿಸ್ಕೊಂಡ್ಲು."

ಶೋಭಿತಾ ಅವನ ಕಿವಿಯ ಬಳಿ ಬಂದಳು. "ಕಳ್ಳಿ ಆಗಿದ್ರೆ ಗಂಡನ ಹೆಸರು ಪಟ್ ಅಂತ ಹೇಳ್ತಿದ್ಲು. ಹೇಳ್ಲಿಲ್ಲ ಅಂದಾಗ್ಲೇ ನಮ್ಮವ್ವ ಅಂತ ಗೊತ್ತಾಗ್ಬೇಡ್ವಾ, ಪಂಡಿತರೇ?"

ಈಗ ಕೀರ್ತಿರಾಜ್ ಅನುಮಾನ ಬಂದ ಖಾತೆಗಳನ್ನೆಲ್ಲ ಮೊದಲು ಹೆಂಡತಿಗೆ ತೋರಿಸುತ್ತಾನೆ.